ಜಾರಿದ ಹತ್ತು

ನಾಸಿಕದ ದಿಂಡೋರಿ ನಾಕಾದ ಹತ್ತಿರದ ಆ ಹೋಟೆಲಿನಲ್ಲಿ ಗಿರಾಕಿ ಕೊಟ್ಟ ನಾಣ್ಯ ನೇರವಾಗಿ ಗಲ್ಲಾಪೆಟ್ಟಿಗೆಗೆ ಬೀಳುತ್ತಿರಲಿಲ್ಲ. ಮೊದಲು ಮೋಹನದಾಸರ ಹೆಬ್ಬೆರಳಿನ ಕೆಳಗೆ ಒಂದು ಸುತ್ತು ಹೊರಳಬೇಕು, ಆಮೇಲೆ ಪುಸ್ತಕದ ಹಾಳೆ ಮಗುಚಿದಂತೆ ಒಮ್ಮೆ ಮಗುಚಬೇಕು, ಆಮೇಲಷ್ಟೇ ಠಣ್ ಎನ್ನಬೇಕು. ಅವಸರದ ಗಿರಾಕಿಗಳು ರೇಗುತ್ತಿದ್ದರು. "ಅಣ್ಣಾ, ಖರಾ ಆಹೇ, ಘೇ ನಾ! ಅಸಲಿಯೇ, ತಗೋ! ನಾನೇನು ಮನೆಯಲ್ಲಿ ಅಚ್ಚು ಹಾಕಿ ತಂದೆನಾ?"

"ನೀನು ಹಾಕಿದ್ದಲ್ಲ ಅಂತ ಗೊತ್ತು ಭಾವೂ," ಎನ್ನುತ್ತಿದ್ದರು ಮೋಹನದಾಸರು, "ಹಾಕಿದವನು ಸರಿಯಾಗಿ ಹಾಕಿದನಾ ಅಂತ ನೋಡುತ್ತಿದ್ದೇನೆ."

ಕುಂದಾಪುರದ ಕಡೆಯ ಹಳ್ಳಿಯಿಂದ ಹದಿನಾರನೇ ವಯಸ್ಸಿಗೆ ನಾಸಿಕಕ್ಕೆ ಬಂದವರು ಅವರು. ಮೊದಲು ಟೇಬಲ್ ಒರೆಸಿದರು, ಆಮೇಲೆ ಸಪ್ಲಾಯರ್ ಆದರು. ಗಲ್ಲಾಕ್ಕೆ ಕೂತು ಈಗ ಹದಿನೆಂಟು ವರ್ಷ. ಹೋಟೆಲು ಅವರದಲ್ಲ, ಗಲ್ಲಾದ ಸ್ಟೂಲಿಗೆ ಮಾತ್ರ ಅವರ ಆಕಾರ ಬಂದಿತ್ತು. ನಾಣ್ಯದ ಹುಚ್ಚು ಹತ್ತಿಸಿದವರು ದಿನಾ ಬೆಳಿಗ್ಗೆ ಒಂದು ಕಟಿಂಗ್ ಚಹಾಕ್ಕೆ ಬರುತ್ತಿದ್ದ ಗಡಿಯಾರ ರಿಪೇರಿಯ ಮುದುಕರೊಬ್ಬರು. ಅಂಚು ಕಚ್ಚಿಹೋದ ರೂಪಾಯಿಯೊಂದನ್ನು ಮೋಹನದಾಸರು ತಗೊಳ್ಳುವುದಿಲ್ಲ ಎಂದಾಗ, ಮುದುಕರು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ ಹೇಳಿದ್ದರಂತೆ: "ಕಚ್ಚಿದ ಕಡೆ ಏನು ನೋಡುತ್ತೀ? ಅದರ ಎದುರಿನ ಅಂಚು ನೋಡು. ಟಂಕಸಾಲೆಯಲ್ಲೇ ತುಂಡಾಗಿದ್ದರೆ ಎದುರಿನ ಅಂಚೂ ಮಂಕಾಗಿರುತ್ತದೆ. ಯಾವನೋ ಅರದಲ್ಲಿ ತಿಕ್ಕಿದ್ದರೆ ಎದುರಿನ ಅಂಚಿಗೆ ಸುದ್ದಿಯೇ ಗೊತ್ತಿರುವುದಿಲ್ಲ."

ಆ ರೂಪಾಯಿಯ ಎದುರಂಚು ಮಂಕಾಗಿತ್ತು. ಮೋಹನದಾಸರು ಜೇಬಿನಿಂದ ಬೇರೊಂದು ರೂಪಾಯಿ ಪೆಟ್ಟಿಗೆಗೆ ಹಾಕಿ ಅದನ್ನು ಮನೆಗೆ ತಂದರು. ಅಲ್ಲಿಂದ ಶುರು.

ವರ್ಷಗಳಲ್ಲಿ ಅವರದೇ ಒಂದು ಭಾಷೆಯಾಯಿತು. ಅಂಚು ತಪ್ಪಿದ್ದಕ್ಕೆ ಕಚ್ಚಿದ್ದು. ಸಿಂಹ ನೆಟ್ಟಗಿದ್ದು, ಮಗುಚಿದರೆ ಅಂಕಿ ಓರೆಯಾಗಿ ನಿಂತರೆ ತಿರುಗಿದ್ದು. ಮುದ್ರೆ ನಡುವೆ ಕೂರದೆ ಪಕ್ಕಕ್ಕೆ ಹೋದದ್ದು ಜಾರಿದ್ದು. ಸವೆದದ್ದು, ಬೆಂಕಿಗೆ ಬಿದ್ದದ್ದು, ರೈಲುಹಳಿಯ ಮೇಲೆ ಇಟ್ಟದ್ದು, ಗೋದಾವರಿಯಲ್ಲಿ ತಿಂಗಳುಗಟ್ಟಲೆ ಮುಳುಗಿದ್ದು, ಇವೆಲ್ಲ ಅವರ ಲೆಕ್ಕಕ್ಕೆ ಬಾರವು. ಅವು ಜನರ ತಪ್ಪು. ಟಂಕಸಾಲೆಯ ತಪ್ಪು ಮಾತ್ರ ಅವರ ಅಡಿಕೆಪುಡಿಯ ಹಳೇ ಡಬ್ಬಿಗೆ ಹೋಗುತ್ತಿತ್ತು. ಇಷ್ಟು ವರ್ಷಕ್ಕೆ ನಲವತ್ತೊಂದು ನಾಣ್ಯ. ಒಂದನ್ನೂ ಮಾರಿದವರಲ್ಲ. ಮೊಬೈಲಿನಲ್ಲಿ ಯಾರೋ 'ಈ ನಾಣ್ಯಕ್ಕೆ ಐದು ಲಕ್ಷ' ಎಂದು ಕೂಗಿದರೆ ನಕ್ಕು ಮುಂದೆ ಸರಿಸುತ್ತಿದ್ದರು. ಅವರಿಗೆ ಬೇಕಿದ್ದದ್ದು ಬೇರೆ: ಒಂದು ತಪ್ಪನ್ನು ನೋಡಿದ ಕೂಡಲೇ ಅದು ಯಾರ ತಪ್ಪು ಎಂದು ಖಂಡಿತವಾಗಿ ಹೇಳುವುದು. ಊರಿನ ಕಡೆ 'ಇರಲೂಬಹುದು' ಎನ್ನುವುದಕ್ಕೆ 'ಇಪ್ಪುಕೂ ಸಾಕ್' ಎನ್ನುತ್ತಾರಲ್ಲ, ನಾಣ್ಯದ ವಿಷಯದಲ್ಲಿ ಆ ಮಾತು ಅವರಿಗೆ ಆಗುತ್ತಿರಲಿಲ್ಲ. "ಇಪ್ಪುಕೂ ಸಾಕ್ ಅಂಬವ ಗಲ್ಲಾಕ್ಕೆ ಕೂಕಂಬುಕಾಗ," ಎನ್ನುತ್ತಿದ್ದರು.

ಹೆಂಡತಿ ಮನೋರಮಾ ಸುಮ್ಮನಿರುವವರಲ್ಲ. "ಟಂಕಸಾಲೆಯವ್ರ್ ನಿದ್ದಿ ತೂಗಿದ್ದಕ್ಕೆ ನೀವ್ ಎಂತಕ್ಕೆ ಎಚ್ರ ಇರ್ಕ್? ಅವ್ರಿಗೆ ಸಂಬಳಾದ್ರೂ ಇತ್ತ್."

"ನಿಂಗೆ ಗೊತ್ತಾತಿಲ್ಲೆ."

"ನಂಗೆ ಗೊತ್ತಾಪ್ದ್ ಒಂದೇ. ಮನೇಲಿಪ್ಪು ನಲವತ್ತೊಂದ್ ನಾಣ್ಯ ಕೊಟ್ರೂ ಒಂದ್ ಕಟ್ಟ್ ಕೊತ್ತಂಬರಿ ಬತ್ತಿಲ್ಲೆ."

ಡಬ್ಬಿಯ ರಾಜನೆಂದರೆ ಒಂದು ಹತ್ತರ ನಾಣ್ಯ. ಹತ್ತರದ್ದು ಎರಡು ಲೋಹದ್ದಷ್ಟೆ; ನಡುವೆ ಬಿಳಿ ಬಿಲ್ಲೆ, ಸುತ್ತ ಹಳದಿ ಬಳೆ. ಆ ನಾಣ್ಯದಲ್ಲಿ ಬಿಳಿ ಬಿಲ್ಲೆ ನಡುವಿನಿಂದ ಒಂದು ಕಡೆಗೆ ಸರಿದು ಕೂತಿತ್ತು. ಒಂದು ಪಕ್ಕ ಹಳದಿ ಅಗಲ, ಇನ್ನೊಂದು ಪಕ್ಕ ಉಗುರಿನ ಗೆರೆಯಷ್ಟು ಕಿರಿದು. ತಂದವನಿಗೆ ಅದನ್ನು ಮೂರು ಅಂಗಡಿಯವರು 'ಚಾಲತ ನಾಹೀ', ಇದು ಚಲಾವಣೆಯಾಗದು ಎಂದು ಹಿಂದೆ ಕೊಟ್ಟಿದ್ದರಂತೆ. ಮೋಹನದಾಸರು ಅದಕ್ಕೆ 'ಜಾರಿದ ಹತ್ತು' ಎಂದು ಹೆಸರಿಟ್ಟರು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಲೇಬೇಕು. ಬಂದವರು ನೋಡಿ "ಹೌದಾ" ಎಂದು ಚಹಾ ಕುಡಿಯುತ್ತಿದ್ದರು. ನಿಜವಾಗಿ ಕಣ್ಣರಳಿಸಿ ನೋಡಿದ್ದು ಒಬ್ಬನೇ, ಮೊಮ್ಮಗ ದಿಗಂತ್. ಅವನಿಗೆ ಒಂದು ವರ್ಷ ಹತ್ತು ತಿಂಗಳು.

ದಿಗಂತನ ತಾಯಿ ಶ್ರೀಜಾ ಅವರ ಒಬ್ಬಳೇ ಮಗಳು. ಅಳಿಯ ರಾಕೇಶ ಛತ್ರಪತಿ ಸಂಭಾಜಿನಗರದಿಂದ ಆಚೆ ಬಿಡಕಿನ್ನಿನಲ್ಲಿ, ಹೊಸ ಕಾರ್ಖಾನೆಗಳ ಕೆಲಸಗಾರರಿಗೆಂದು ಇಡ್ಲಿ-ವಡೆಯ ಸಣ್ಣ ಹೋಟೆಲು ಹಾಕಿದ್ದ. ಫೆಬ್ರುವರಿಯಲ್ಲಿ ಶ್ರೀಜಾ ಮಗುವಿನ ಜೊತೆ ತವರಿಗೆ ಬಂದು ಎಂಟು ದಿನ ಇದ್ದಳು. ಎಂಟೂ ದಿನ ಅಜ್ಜನ ತೊಡೆಯ ಮೇಲೆ ಕೂತು ಮಗು ಜಾರಿದ ಹತ್ತನ್ನು ಹೊರಳಿಸಿತು. ಹೊರಡುವ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಮುಷ್ಟಿಯಿಂದ ಬಿಡಲೇ ಇಲ್ಲ. ಬಿಡಿಸಲು ಹೋದರೆ ಆಕಾಶ ಭೂಮಿ ಒಂದಾಗುವ ಹಾಗೆ ಅಳು. "ಇರ್ಲಿ, ತಕಂಡ್ ಹೋಯ್ಲಿ," ಎಂದರು ಮೋಹನದಾಸರು. ಹದಿನೆಂಟು ವರ್ಷದಲ್ಲಿ ಡಬ್ಬಿಯಿಂದ ಹೊರಗೆ ಹೋದ ಮೊದಲ ನಾಣ್ಯ. ಮನೋರಮಾ ಕಿಟಕಿಯೊಳಗೆ ಬ್ಯಾಗು ತುರುಕಿ, ಕೈಚೀಲದಲ್ಲಿ ಬಿಸ್ಕಿಟ್ ಪೊಟ್ಟಣ ಹುಡುಕಿದರು.

ನಾಲ್ಕು ದಿನ ಕಳೆದು ಗುರುವಾರ, ಹನ್ನೊಂದೂ ಕಾಲಿಗೆ ಶ್ರೀಜಾಳ ಫೋನು ಬಂತು.

"ಅಪ್ಪಯ್ಯ, ಮಗು ಎಂತದೋ ನುಂಗಿತ್." ಅವಳ ಧ್ವನಿ ಓಡಿಕೊಂಡು ಬಂದವಳ ಹಾಗಿತ್ತು. "ಬೆಳಿಗ್ಗಿಂದ ಜೊಲ್ಲ್ ನಿಲ್ತಾ ಇಲ್ಲೆ. ಹಾಲ್ ಕೊಟ್ರೆ ಹಾಂಗೇ ಹೊರಗ್ ಬತ್ತಾ ಇತ್ತ್. ಇಲ್ಲೇ ಕ್ಲಿನಿಕ್ಕಲ್ಲಿ ಎಕ್ಸ್‌ರೇ ತೆಗ್ಸಿದೆ. ಗಂಟ್ಲ್ ಕೆಳಗೆ ರೌಂಡ್ ಕಾಂತಿತ್. ಡಾಕ್ಟರ್ ಮ್ಯಾಡಮ್ ಹೇಳ್ತ್ರ್, ನಾಣ್ಯ ಇಪ್ಪುಕೂ ಸಾಕ್, ಬಟನ್ ಸೆಲ್ ಇಪ್ಪುಕೂ ಸಾಕ್ ಅಂಬ್ರ್. ಸೆಲ್ ಆದ್ರೆ ಒಳಗೇ ಸುಡತ್ತಂಬ್ರ್. ಈಗ್ಲೇ ಸಂಭಾಜಿನಗರಕ್ಕೆ ಹೋಗಿ ಅಂದ್ರ್. ಇವ್ರ್ ಪೈಠಣಕ್ಕೆ ತರಕಾರಿ ತಪ್ಪುಕೆ ಹೋಯಿದ್ರ್. ನಂಗೆ ಕೈಕಾಲೇ ಬತ್ತಾ ಇಲ್ಲೆ ಅಪ್ಪಯ್ಯ."

"ಎಕ್ಸ್‌ರೇ ಕಳ್ಸ್."

"ಕಳ್ಸಿದೆ. ಕಾಣಿ. ನಿಮಗೆ ಗೊತ್ತಾತ್ತಲ್ದಾ?"

ಚಿತ್ರ ಬಂತು. ಕಪ್ಪಿನ ಮೇಲೆ ಮಗುವಿನ ಎಳೆಯ ಪಕ್ಕೆಲುಬುಗಳು, ಹಕ್ಕಿಯ ಎಲುಬಿನಂಥವು. ನಡುವೆ, ಕುತ್ತಿಗೆಯ ಬುಡದಲ್ಲಿ, ಬೆಳ್ಳಗೆ ಒಂದು ವೃತ್ತ. ಮೋಹನದಾಸರು ಕನ್ನಡಕ ಮೇಲಕ್ಕೆ ಸರಿಸಿ, ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದರು. ವೃತ್ತದೊಳಗೆ ಇನ್ನೊಂದು ವೃತ್ತ. ಇನ್ನೂ ಹಿಗ್ಗಿಸಿದರು. ಒಳಗಿನ ವೃತ್ತ ನಡುವೆ ಇರಲಿಲ್ಲ. ಒಂದು ಕಡೆ ಅಗಲ, ಇನ್ನೊಂದು ಕಡೆ ಉಗುರಿನ ಗೆರೆಯಷ್ಟು.

ಎದೆಯ ಮೇಲಿನ ಕಲ್ಲು ಉರುಳಿದಂತಾಯಿತು. ನಗುವೇ ಬಂತು ಅವರಿಗೆ.

"ಹೆದ್ರಬೇಡ ಮಗಾ! ಸೆಲ್ಲೂ ಅಲ್ಲ, ಎಂತದೂ ಅಲ್ಲ. ಅದ್ ನನ್ನ ಜಾರಿದ ಹತ್ತ್. ಒಳಗಿನ ಬಿಲ್ಲೆ ಪಕ್ಕಕ್ಕೆ ಹೋಯಿತ್ ಕಾಣ್. ಲೋಕದಲ್ಲಿ ಇನ್ನೆಲ್ಲೂ ಅಂಥದ್ದ್ ಇಲ್ಲೆ."

"ಖರೇನಾ ಅಪ್ಪಯ್ಯ? ಗ್ಯಾರಂಟಿ?"

"ಕಣ್ಣಾರೆ ಕಾಣ್ತಾ ಇದ್ದೆ. ನಾಣ್ಯ ಸುಡುದಿಲ್ಲೆ. ನೀನ್ ಒಬ್ಳೇ ಮಗಿನ ತಕಂಡ್ ಆಟೋದಗೆ ಓಡ್ಬೇಡ. ರಾಕೇಶ ಬರ್ಲಿ, ಆರಾಮಲ್ಲಿ ಹೋಯ್ನಿ."

ಮಗಳು ಅತ್ತಳು, ಅಳುತ್ತಲೇ ನಕ್ಕಳು, ಫೋನಿಟ್ಟಳು.

ಒಳಗಿಂದ ಅಡುಗೆ ಭಟ್ಟಿಯ ಸದಾನಂದ ತಲೆ ಹೊರಗೆ ಹಾಕಿದ. ಬೈಂದೂರಿನವನು, ಇಪ್ಪತ್ತು ವರ್ಷದ ಜೊತೆ. "ಎಂತ ಮಾರಾಯ್ರೆ, ಲಾಟ್ರಿ ಹೊಡೀತಾ?"

"ನನ್ನ ಮೊಮ್ಮಗ ಹತ್ತ್ ರೂಪಾಯಿ ನುಂಗಿದ ಮಾರಾಯ," ಎಂದರು ಮೋಹನದಾಸರು, ಹೆಮ್ಮೆಯ ವಿಷಯ ಹೇಳುವವರ ಹಾಗೆ. "ಡಾಕ್ಟ್ರಿಗೂ ಎಂತದಂದ್ ಗೊತ್ತಾಯ್ಲಿಲ್ಲೆ. ನಾನ್ ಇಲ್ಲಿ ಕೂಕಂಡ್ ಹೇಳಿದೆ."

"ಅಡ್ಡಿಲ್ಲೆ. ನಿಮ್ಮ ವಿದ್ಯೆ ಒಂದ್ ದಿನಕ್ಕಾದ್ರೂ ಬಂತಲೆ."

ಇಬ್ಬರು ಗಿರಾಕಿಗಳ ಬಿಲ್ಲು ಹರಿದ ಮೇಲೆ ಮನೋರಮಾಗೂ ತಿಳಿಸೋಣ ಎಂದು ಮನೆಗೆ ಫೋನು ಹಚ್ಚಿದರು. ಹೆದರಿಸಬಾರದೆಂದು ಹಿಂದಿನಿಂದ ಮುಂದಕ್ಕೆ ಹೇಳಿದರು: ಭಯವಿಲ್ಲ, ನಾಣ್ಯ ತೆಗೆಯುತ್ತಾರೆ, ಅದು ಇಂಥ ನಾಣ್ಯ, ಮಗು ನುಂಗಿದೆ.

ಅತ್ತ ಕಡೆ ನಲ್ಲಿ ನಿಲ್ಲಿಸಿದ ಸದ್ದಾಯಿತು.

"ಯಾವ್ ನಾಣ್ಯ ಅಂದ್ರಿ?"

"ಜಾರಿದ ಹತ್ತ್. ಅದೇ, ಭಾನುವಾರ ತಕಂಡ್ ಹೋಯಿತಲ್ದಾ?"

"ಅದ್ ಇಲ್ಲೇ ಇತ್ತ್," ಎಂದರು ಮನೋರಮಾ. ಅವರ ಧ್ವನಿ ತೆಳ್ಳಗಾಗಿತ್ತು. "ಬಸ್ ಹೊರಡು ಮೊದ್ಲೇ, ನೀವಿಬ್ರೂ ಸೀಟ್ ಹುಡ್ಕುವಾಗ, ಕೈಯಿಂದ ಬಿಡ್ಸಿ ಬಿಸ್ಕಿಟ್ ಕೊಟ್ಟೆ. ಕಂಡದ್ದೆಲ್ಲ ಬಾಯಿಗ್ ಹಾಕು ಮಗು ಅದ್. ನಾಣ್ಯ ಕೊಟ್ಟ್ ಕಳ್ಸುಕೆ ನಂಗೆ ಮಂಡೆ ಕೆಟ್ಟಿತಾ? ಅವತ್ತೇ ತಂದ್ ಡಬ್ಬಿಗ್ ಹಾಕಿದೆ."

"ಡಬ್ಬಿ ತೆಗ್ದ್ ಕಾಣ್."

"ಕಾಂಬುದೆಂತಕ್ಕೆ..."

"ತೆಗ್ದ್ ಕಾಣ್ ಮಾರಾಯ್ತಿ!"

ಡಬ್ಬಿಯ ಮುಚ್ಚಳ ತೆಗೆದ ಸದ್ದು ಫೋನಿನಲ್ಲಿ ಕೇಳಿತು. ನಾಣ್ಯಗಳನ್ನು ನೆಲಕ್ಕೆ ಸುರಿದ ಸದ್ದು. ಆಮೇಲೆ, "ಇತ್ತ್ ಕಾಣಿ. ಕೈಯಗೇ ಇತ್ತ್. ಇಷ್ಟ್ ದೊಡ್ದ್ ಆ ಮಗಿನ ಗಂಟ್ಲಗೆ ಇಳೂದ್ ಹ್ಯಾಂಗೆ? ಯೋಚ್ನೆ ಮಾಡ್ದ್ರಾ ನೀವ್?"

ಮೋಹನದಾಸರು ಯೋಚನೆ ಮಾಡಿರಲಿಲ್ಲ. ಪೆಟ್ಟಿಗೆಯಿಂದ ಒಂದು ಹತ್ತರ ನಾಣ್ಯ ತೆಗೆದು ಅಂಗೈ ಮೇಲೆ ಇಟ್ಟುಕೊಂಡರು. ಎಷ್ಟು ಅಗಲ! ಮೊಬೈಲಿನ ಚಿತ್ರಕ್ಕೆ ಅಳತೆ ಎಲ್ಲಿತ್ತು? ತಾವೇ ಹಿಗ್ಗಿಸಿದ್ದರು, ಹಿಗ್ಗಿಸಿ ಹಿಗ್ಗಿಸಿ ಅದನ್ನು ಹತ್ತು ಮಾಡಿದ್ದರು.

ಶ್ರೀಜಾಗೆ ಹಚ್ಚಿದರು. ಸ್ವಿಚ್ ಆಫ್. ಮತ್ತೆ ಹಚ್ಚಿದರು. ಸ್ವಿಚ್ ಆಫ್. ರಾಕೇಶನದು ರಿಂಗಾಗುತ್ತದೆ, ಎತ್ತುವವರಿಲ್ಲ. ತರಕಾರಿ ಚೀಲ ಹೇರಿಕೊಂಡು ಬೈಕಿನ ಮೇಲೆ ಇರಬೇಕು. ಬಿಡಕಿನ್ನಿನ ಹೋಟೆಲಿಗೆ ಬೇರೆ ನಂಬರಿಲ್ಲ. ಕ್ಲಿನಿಕ್ಕಿನ ಹೆಸರು ಕೇಳಿಕೊಂಡಿರಲಿಲ್ಲ. 'ಆಟೋದಗೆ ಓಡ್ಬೇಡ' ಎಂದದ್ದು ಮಾತ್ರ ಕಿವಿಯಲ್ಲಿ ಇತ್ತು. ಗಿರಾಕಿಯೊಬ್ಬ ನೂರರ ನೋಟು ಮುಂದೆ ಹಿಡಿದು ನಿಂತಿದ್ದ. "ಅಣ್ಣಾ, ಸುಟ್ಟೇ ದ್ಯಾ." ಮೋಹನದಾಸರು ಅವನ ಮುಖವನ್ನೇ ನೋಡಿದರು, ಚಿಲ್ಲರೆ ಎಂದರೆ ಏನೆಂದು ಮರೆತವರಂತೆ. ಕೊನೆಗೆ ಸದಾನಂದ ಬಂದು ಅವರನ್ನು ಸ್ಟೂಲಿನಿಂದ ಎಬ್ಬಿಸಿ ತಾನು ಕೂತ. "ಹೋಯ್ನಿ ನೀವ್. ಧಣಿಗೆ ನಾನ್ ಹೇಳ್ತೆ."

ಹನ್ನೆರಡರ ಹೊತ್ತಿಗೆ ಕೆಂಪು ಬಸ್ಸು ಸಿಕ್ಕಿತು. ನಿಫಾಡ, ಯೇವಲಾ, ವೈಜಾಪುರ. ನಾಲ್ಕೂವರೆ ಗಂಟೆಯ ದಾರಿ. ಎಡಬಲಕ್ಕೆ ದ್ರಾಕ್ಷಿ ತೋಟ, ಆಮೇಲೆ ಈರುಳ್ಳಿ ಹೊಲ. ಅವರು ಕಿಟಕಿಯ ಹೊರಗೆ ನೋಡಲಿಲ್ಲ. ಮೂರು ನಿಮಿಷಕ್ಕೊಮ್ಮೆ ಫೋನು ಹಚ್ಚಿದರು. ಪಕ್ಕದಲ್ಲಿ ಕೂತ ಹೆಂಗಸು, ಮಡಿಲಲ್ಲಿ ಮಗು ಮಲಗಿಸಿಕೊಂಡವಳು, ಸ್ವಲ್ಪ ಹೊತ್ತು ನೋಡಿ ಮರಾಠಿಯಲ್ಲಿ ಕೇಳಿದಳು: "ಕಾಕಾ, ಯಾರಿಗೆ ಹುಷಾರಿಲ್ಲ?"

"ಮೊಮ್ಮಗನಿಗೆ."

"ದೇವರಿದ್ದಾನೆ. ನೀವಿಲ್ಲಿಂದ ಏನು ಮಾಡಲಿಕ್ಕಾಗುತ್ತದೆ?"

ಮಾಡಲಾಗದ ದೂರದಿಂದಲೇ ಮಾಡಿಬಿಟ್ಟಿದ್ದೇನೆ ತಾಯಿ ಎಂದು ಅವಳಿಗೆ ಹೇಗೆ ಹೇಳುವುದು? ಮೋಹನದಾಸರು ಅವಳ ಮಗುವಿನ ಕಡೆ ನೋಡಿದರು. ಅದು ಬಾಯಿ ತೆರೆದು ನಿದ್ದೆ ಮಾಡುತ್ತಿತ್ತು. ಕುತ್ತಿಗೆ ಒಂದು ಹಿಡಿಯಷ್ಟೂ ಇಲ್ಲ. ಅವರು ಮುಖ ತಿರುಗಿಸಿಕೊಂಡರು.

ಯೇವಲಾ ದಾಟಿದ ಮೇಲೆ ರಾಕೇಶನ ಫೋನು ಬಂತು. "ಮಾವ, ಆಸ್ಪತ್ರೆಗೆ ಬಂದಾಯ್ತ್. ಒಳಗೆ ತಕಂಡ್ ಹೋಯಿದ್ರ್. ಸೆಲ್ಲೇ ಅಂಬ್ರ್." ಅಷ್ಟೇ ಹೇಳಿ ಇಟ್ಟ.

ಈ ನಡುವೆ ನಡೆದದ್ದನ್ನೆಲ್ಲ ಅವರು ತಿಳಿದದ್ದು ಸಂಜೆ, ಆಸ್ಪತ್ರೆಯ ಉದ್ದನೆಯ ಪಡಸಾಲೆಯಲ್ಲಿ, ಶ್ರೀಜಾಳ ಬಾಯಿಂದ. ಅಪ್ಪಯ್ಯನ ಮಾತು ಕೇಳಿ ಧೈರ್ಯ ಬಂದು ಅವಳು ಕ್ಲಿನಿಕ್ಕಿನ ಹೊರಗಿನ ಬೆಂಚಿನ ಮೇಲೆ ರಾಕೇಶನ ದಾರಿ ಕಾಯುತ್ತ ಕೂತಿದ್ದಳು; ಫೋನಿನ ಚಾರ್ಜು ಅಷ್ಟರಲ್ಲಿ ಮುಗಿದಿತ್ತು. ಅವಳು ಹೋದಳೆಂದೇ ತಿಳಿದಿದ್ದ ಡಾಕ್ಟರ್ ಮ್ಯಾಡಮ್ ಯಾವುದಕ್ಕೋ ಹೊರಗೆ ಬಂದವರು ಅವಳನ್ನು ಕಂಡು ಕಿರುಚಿದ್ದರು: "ಅಜೂನ ಇಥೇಚ? ಇನ್ನೂ ಇಲ್ಲೇ ಇದ್ದೀಯಾ?" ನಾಣ್ಯವಂತೆ, ನನ್ನ ತಂದೆ ನೋಡಿದರು ಎಂದು ಶ್ರೀಜಾ ಹೇಳಿದಾಗ ಆ ಹುಡುಗಿ ಡಾಕ್ಟರ್ ಅವಳ ರಟ್ಟೆ ಹಿಡಿದು ಎಬ್ಬಿಸಿ, ಕಾರ್ಖಾನೆಯೊಂದರ ಜೀಪು ಅಡ್ಡಗಟ್ಟಿ ಹತ್ತಿಸಿದರು. "ನಾಣ್ಯ ಬಂದರೆ ನಿನ್ನ ತಂದೆಯ ಕಾಲಿಗೆ ಬೀಳುತ್ತೇನೆ. ಈಗ ನಡೆ."

"ಎಷ್ಟೊತ್ತ್ ಕೂತಿದ್ದೆ ಬೆಂಚಲ್ಲಿ?" ಎಂದು ಕೇಳಿದರು ಮೋಹನದಾಸರು.

"ಬಿಡಿ ಅಪ್ಪಯ್ಯ."

"ಎಷ್ಟೊತ್ತ್?"

"ಇಪ್ಪತ್ತೈದ್ ನಿಮಿಷ."

ಗೋಡೆಗೆ ಒರಗಿ ನಿಂತಿದ್ದ ರಾಕೇಶ ಇತ್ತ ತಿರುಗಿದ. "ನಿಮ್ಮತ್ರ ಯಾರ್ ಕೇಳಿದ್ದ್ ಮಾವ?" ಎಂದ. ಧ್ವನಿ ಏರಿಸಲಿಲ್ಲ.

"ನಾನೇ ಕೇಳಿದ್ದ್," ಎಂದಳು ಶ್ರೀಜಾ. "ನಂಗೆ ಅದ್ ನಾಣ್ಯವೇ ಆಯ್ಕಿತ್ತ್, ಸೆಲ್ ಅಲ್ಲ. ಅದ್ಕೇ ಅವ್ರ ಹತ್ರ ಕೇಳಿದೆ."

ಒಳಗಿನ ಡಾಕ್ಟರು ಒಂದು ಸಣ್ಣ ಪ್ಲಾಸ್ಟಿಕ್ ಸೀಸೆಯಲ್ಲಿ ಅದನ್ನು ತೋರಿಸಿದರು. ಹೋಟೆಲಿನ ಬಣ್ಣದ ದೀಪದ ಸರದ ರಿಮೋಟಿನಿಂದ ಬಿದ್ದ ಸೆಲ್ಲು. ರೂಪಾಯಿ ನಾಣ್ಯದಷ್ಟೇ ಇತ್ತು, ಒಂದು ಬದಿ ಕರ್ರಗಾಗಿತ್ತು. ಅಂಚಿನಲ್ಲಿ ಒಂದು ಮೆಟ್ಟಿಲು. ಮೇಲ್ಭಾಗ ಕೆಳಭಾಗಕ್ಕಿಂತ ಕಿರಿದು. ಅದೇ ಎಕ್ಸ್‌ರೇಯಲ್ಲಿ ಒಳವೃತ್ತವಾಗಿ ಕಾಣುವುದು. ಸ್ವಲ್ಪ ವಾಲಿ ನಿಂತಿದ್ದರಿಂದ ಅದು ಪಕ್ಕಕ್ಕೆ ಜಾರಿದ ಹಾಗೆ ಕಂಡಿತ್ತು. ಅಷ್ಟೇ. ಯಾರ ತಪ್ಪೂ ಇಲ್ಲದ, ಸರಿಯಾಗಿ ತಯಾರಾದ ಸೆಲ್ಲು.

ಅನ್ನನಾಳದಲ್ಲಿ ಸುಟ್ಟಗಾಯವಾಗಿದೆ, ತೂತಾಗಿಲ್ಲ, ಬಾಯಿಯಿಂದ ಏನೂ ಕೊಡುವಂತಿಲ್ಲ, ಮೂಗಿನ ಕೊಳವೆಯಿಂದಲೇ ಆಹಾರ, ಮುಂದೆ ನಾಳ ಕಿರಿದಾದರೆ ಹಿಗ್ಗಿಸಬೇಕಾದೀತು ಎಂದರು ಡಾಕ್ಟರು. ಮೋಹನದಾಸರು ಅವರ ಹಿಂದೆಯೇ ಮೆಟ್ಟಿಲ ತನಕ ಹೋದರು.

"ಸಾಹೇಬ, ಒಂದು ಇಪ್ಪತ್ತೈದು ನಿಮಿಷ ಮೊದಲೇ ಬಂದಿದ್ದರೆ?"

ಡಾಕ್ಟರಿಗೆ ಸುಸ್ತಾಗಿತ್ತು. "ಸಾಂಗತಾ ಯೇತ ನಾಹೀ," ಎಂದರು. "ಗಾಯ ಕಡಿಮೆ ಇರುತ್ತಿತ್ತೇನೋ. ಇಷ್ಟೇ ಇರುತ್ತಿತ್ತೇನೋ. ಹೇಳಲು ಬರುವುದಿಲ್ಲ ಕಾಕಾ."

ಮೋಹನದಾಸರು ಅಲ್ಲೇ ಮೆಟ್ಟಿಲ ಮೇಲೆ ಕೂತರು. ಯಾರಾದರೂ ಖಂಡಿತವಾಗಿ ಬೈದಿದ್ದರೆ ಒಳ್ಳೆಯದಿತ್ತು. ಮರುದಿನ ಬರುವ ಮನೋರಮಾ ಬೈಯುತ್ತಾರೆ ಎಂದುಕೊಂಡರೆ ಅವರೂ ಬೈಯಲಿಲ್ಲ. ಬಂದವರೇ ಮಗುವಿನ ಬಟ್ಟೆ ಒಗೆದರು, ಮಗಳ ತಲೆ ಬಾಚಿದರು, ಗಂಡನಿಗೆ "ಉಂಡ್ರಾ" ಎಂದರು. ಮೂವತ್ತು ವರ್ಷ ದಿನಾ ಕುಟುಕಿದ ಹೆಂಗಸು ಈಗ ಜಾಗ್ರತೆಯಿಂದ ಮಾತಾಡುವುದನ್ನು ಕಂಡು ಮೋಹನದಾಸರ ಎದೆ ಒಡೆಯಿತು.

ಎಂಟನೇ ದಿನ ಮಗುವನ್ನು ಐಸಿಯುವಿನಿಂದ ವಾರ್ಡಿಗೆ ತಂದರು. ಹೋಟೆಲು ಮುಚ್ಚಿ ಕೂತರೆ ಬಾಡಿಗೆ ಕಟ್ಟುವುದು ಹೇಗೆಂದು ರಾಕೇಶ ಬಿಡಕಿನ್ನಿಗೆ ಹೋಗಿದ್ದ. ಶ್ರೀಜಾ ಎರಡು ದಿನದಿಂದ ಸ್ನಾನ ಮಾಡಿರಲಿಲ್ಲ; ತಾಯಿಯ ಜೊತೆ ಕೆಳಗಿನ ಧರ್ಮಶಾಲೆಗೆ ಹೋದಳು. ಹೋಗುವ ಮೊದಲು ತಂದೆಗೆ ಕೆಲಸ ಒಪ್ಪಿಸಿದಳು. "ಎರಡು ಗಂಟಿಗೆ ಸಿಸ್ಟರ್ ಹಾಲ್ ತತ್ರ್. ನಳಿ ಎತ್ತಿ ಹಿಡ್ಕಣಿ. ಒತ್ತ್‌ಬೇಡಿ ಅಪ್ಪಯ್ಯ. ಅದ್ರಷ್ಟಕ್ಕೇ ಇಳಿಕ್. ನೀರ್ ಕೇಂತ್, ಕೊಡ್ಬೇಡಿ. ಎಷ್ಟ್ ಅತ್ರೂ ಕೊಡ್ಬೇಡಿ."

ಎರಡು ಗಂಟೆಗೆ ನರ್ಸು ಬಂದು ಮೂಗಿನ ಕೊಳವೆಯ ತುದಿಗೆ ಒತ್ತುವ ಕಡ್ಡಿ ತೆಗೆದ ಸಿರಿಂಜು ಸಿಕ್ಕಿಸಿ, ಹಾಲು ಹೊಯ್ದು, ಇಷ್ಟೆತ್ತರಕ್ಕೆ ಎಂದು ಅವರ ಕೈ ಎತ್ತಿ ನಿಲ್ಲಿಸಿ ಹೋದರು. ಹಾಲು ಇಳಿಯತೊಡಗಿತು. ಗೆರೆಯಿಂದ ಗೆರೆಗೆ, ಇಬ್ಬನಿ ಜಾರುವಷ್ಟು ನಿಧಾನ. ಮೋಹನದಾಸರ ತೋಳು ಸೋತಿತು. ಇನ್ನೊಂದು ಕೈಯ ಆಧಾರ ಕೊಟ್ಟರು.

ದಿಗಂತ್ ಎಚ್ಚರವಿದ್ದ. ಕೊಳವೆ ಕೀಳದಂತೆ ಅವನ ಎರಡೂ ಕೈಗೆ ಬಟ್ಟೆ ಸುತ್ತಿದ್ದರು. ಪಕ್ಕದ ಮಂಚದವರು ಲೋಟಕ್ಕೆ ನೀರು ಬಗ್ಗಿಸಿದ ಸದ್ದಿಗೆ ಅವನ ಕಣ್ಣು ಆ ಕಡೆ ಹೊರಳಿತು. ಆಮೇಲೆ ಅಜ್ಜನ ಮುಖದ ಮೇಲೆ ಬಂದು ನಿಂತಿತು.

"ಪಾಣೀ," ಎಂದಿತು ಮಗು. ಒಡೆದ ದನಿ.

"ಇಲ್ಲೆ ಮಗಾ. ಇಕಾ, ಹಾಲ್ ಹೋತಾ ಇತ್ತಲ್ದಾ?"

"ಪಾಣೀ, ಅಜ್ಜಾ."

ಸಿರಿಂಜಿನಲ್ಲಿ ಇನ್ನೂ ಅರ್ಧ ಹಾಲಿತ್ತು. ಕೈ ಇಳಿಸುವಂತಿಲ್ಲ, ಅವಸರ ಮಾಡುವಂತಿಲ್ಲ, ಎದ್ದು ಹೋಗುವಂತಿಲ್ಲ. ಮೋಹನದಾಸರು ಪಕ್ಕದ ಮಂಚದವರ ಕಡೆ ತಿರುಗಿ, ಆ ಲೋಟವನ್ನು ಸ್ವಲ್ಪ ಮರೆಗೆ ಇಡಿ ಎಂದು ಬೇಡಿಕೊಂಡರು.